ಕಲ್ಲು ಎಲ್ಲೋಯ್ತು ಮಗಾ?

ನಿಮ್ಮ ಲ್ಯಾಪ್‌ಟಾಪಲ್ಲಿ ರೀಪರ್ ಇದ್ದರೆ ಒಮ್ಮೆ ತೆರೆದು ನೋಡಿ. ಏನನ್ನೂ ಕೇಳದೆ ಒಂದು ಖಾಲಿ ಪ್ರಾಜೆಕ್ಟ್ ಕೊಡುತ್ತೆ. ಅದರ ಬಿಪಿಎಂ 120, ತಾಳ 4/4. ನೀವಿನ್ನೂ ಗಂಟಲು ಕೂಡ ಸರಿ ಮಾಡಿಕೊಂಡಿಲ್ಲ, ಆಗಲೇ ನಿಮ್ಮ ಹಾಡಿನ ನಡೆ ತೀರ್ಮಾನ ಆಗಿಬಿಟ್ಟಿದೆ! ಬೇರೆ ಸಾಫ್ಟ್‌ವೇರುಗಳಲ್ಲಿ ಅಂಕಿ ಬೇರೆ ಇರಬಹುದು, ಆದರೆ ಒಂದು ಅಂಕಿ ಅಂತೂ ಇದ್ದೇ ಇರುತ್ತೆ. ಪರದೆ ತುಂಬಾ ಗೆರೆ ಎಳೆದ ಗ್ರಿಡ್ ಕೂಡ ಇರುತ್ತೆ.

ಇದನ್ನ ಬದಲಾಯಿಸೋಕೆ ಎರಡು ಕ್ಲಿಕ್ ಸಾಕು, ನಿಜ. ಆದರೆ ಕೋಡ್ ಬರೆದು ಹೊಟ್ಟೆ ಹೊರೆಯೋ ನಮಗೆ ಒಂದು ಗುಟ್ಟು ಗೊತ್ತು. ಡಿಫಾಲ್ಟ್ ಅಂತ ನಾವೇನು ಬರೆದಿಡ್ತೀವೋ, ಮುಕ್ಕಾಲು ಜನ ಅದರಲ್ಲೇ ಇರ್ತಾರೆ. ಡಿಫಾಲ್ಟ್ ಅನ್ನೋದು ಬರೆದವನ ಅಭಿಪ್ರಾಯ. ಬಳಸೋರಿಗೆ ಅದು ನಿಯಮದ ಥರ ಕಾಣುತ್ತೆ.

ಹಾಗಂತ ಈ ಸಾಫ್ಟ್‌ವೇರುಗಳನ್ನ ಬಯ್ಯೋಕೆ ಕೂತಿಲ್ಲ. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡು ರೆಕಾರ್ಡ್ ಆಗಬೇಕಂದ್ರೆ ಮದರಾಸಿಗೆ ರೈಲು ಹತ್ತಬೇಕಿತ್ತು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಭಾವಗೀತೆಯನ್ನ ಅಂಗಡಿಯಿಂದ ಕೊಂಡು ತರಬಹುದು ಅನ್ನೋದೇ ದೊಡ್ಡ ಸುದ್ದಿ. ಇವತ್ತು ರೀಪರ್ ಲೈಸೆನ್ಸಿಗೆ 60 ಡಾಲರ್, ಅದಕ್ಕೂ ಮೊದಲು 60 ದಿನ ಪುಕ್ಕಟೆ. ಕೆ.ಆರ್. ಪುರದ ಒಂದು ರೂಮಿನ ಮನೆಯಲ್ಲಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು, ಅದರ ಮುಂದೆ ಮೈಕ್ ಇಟ್ಕೊಂಡು ನಾನೇ ಹಾಡು ಮಾಡಿದೀನಿ. ತೂಗುಸೇತುವೆ ಮೇಲಿನ ಲಾರಿಗಳು ಸ್ವಲ್ಪ ಸುಮ್ಮನಾಗೋದು ರಾತ್ರಿ ಎರಡರ ಮೇಲೆ. ಅದೇ ನನ್ನ ಸ್ಟುಡಿಯೋ ಟೈಮಿಂಗ್.

ನನ್ನ ತಕರಾರು ಇರೋದು ಇದರಲ್ಲಿ ನಾವು ಜಾನಪದಕ್ಕೆ ಏನು ಮಾಡ್ತಿದೀವಿ ಅನ್ನೋದರ ಬಗ್ಗೆ. ತಪ್ಪಿತಸ್ಥರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ.

2019ರ ಯುಗಾದಿಗೆ ಊರಿಗೆ ಹೋದಾಗ ಅಜ್ಜಿಯ ರಾಗಿ ಬೀಸೋ ಪದ ರೆಕಾರ್ಡ್ ಮಾಡೋಣ ಅನ್ನಿಸ್ತು. ನಮ್ಮೂರು ನಾಗಮಂಗಲದ ಕಡೆ. ಮಿಲ್ಲು ಬಂದ ಮೇಲೆ ಬೀಸೋಕಲ್ಲು ಹಿತ್ತಲು ಸೇರಿತ್ತು. "ಸುಮ್ನೆ ಕೂತ್ಕೊಂಡು ಹಾಡಜ್ಜಿ, ಸಾಕು" ಅಂದೆ. "ಕಲ್ಲಿಲ್ದೆ ಪದ ಬರಕಿಲ್ಲ ಕಣ್ಲಾ" ಅಂದ್ಲು. ಅಪ್ಪ ನಾನೂ ಸೇರಿ ಕಲ್ಲು ತಂದು ಜಗಲಿ ಮೇಲೆ ಇಟ್ವಿ. ಒಂದು ಸೇರು ರಾಗಿ, ಮೂರು ಪದ. ಫೋನಿನಲ್ಲೇ ರೆಕಾರ್ಡ್ ಆಯ್ತು.

ರೂಮಿಗೆ ಬಂದು ಕೆಲಸ ಶುರು ಮಾಡಿದೆ. ಮೊದಲು ನಾಯ್ಸ್ ರಿಡಕ್ಷನ್. ಬರೀ ಗದ್ದಲ ಇರೋ ಒಂದು ತುಣುಕನ್ನ ಅದಕ್ಕೆ ತೋರಿಸಿದ್ರೆ, ಅಂಥದ್ದೇ ಸದ್ದನ್ನ ಇಡೀ ಹಾಡಿಂದ ಕಳೀತಾ ಹೋಗುತ್ತೆ. ಅಜ್ಜಿ ಉಸಿರೆಳೆಯೋ ಜಾಗದಲ್ಲಿ ಕಲ್ಲಿನ ಗರಗರ ಮಾತ್ರ ಇತ್ತು. ಅದನ್ನೇ ತೋರಿಸಿದೆ. ಕಲ್ಲು ಹೋಯ್ತು. ಆಮೇಲೆ ದನಿಯನ್ನ ಕತ್ತರಿಸಿ, ಎಳೆದು, ಕುಗ್ಗಿಸಿ ಗ್ರಿಡ್ಡಿಗೆ ಕೂರಿಸಿದೆ. ಅಲುಗಾಡೋ ಸ್ವರಗಳನ್ನ ಪಿಚ್ ಕರೆಕ್ಷನ್ ಹಾಕಿ ನೇರ ಮಾಡಿದೆ. ಕೆಳಗೊಂದು ಡ್ರಮ್ ಲೂಪ್, ಹಿಂದೆ ಒಂದು ಪ್ಯಾಡ್, ಮೇಲೆ ರಿವರ್ಬ್. ಇಂದಿರಾನಗರದ ಗೆಳೆಯನಿಗೆ ಕಳಿಸಿದೆ. "ಸೂಪರ್ ಮಗಾ, ಪಕ್ಕಾ ಪ್ರೊಫೆಷನಲ್" ಅಂದ.

ಗೌರಿ ಹಬ್ಬಕ್ಕೆ ಊರಿಗೆ ಹೋದವನು ಅಜ್ಜಿ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಪೂರ್ತಿ ಕೇಳಿದ್ಲು.

"ಚೆನ್ನಾಗೈತೆ ಕಣ್ಲಾ. ಯಾರ್ ಹಾಡಿರೋದು?"

"ನೀನೇ ಕಣಜ್ಜಿ!"

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು, "ಕಲ್ಲು ಎಲ್ಲೋಯ್ತು ಮಗಾ?"

ಅವತ್ತು ನಕ್ಕುಬಿಟ್ಟೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮೂಲ ರೆಕಾರ್ಡಿಂಗ್ ಹಾಕಿಕೊಂಡು ಬಡಿತ ಎಣಿಸುತ್ತಾ ಕೂತೆ. ಹೊಸ ಹಿಡಿ ರಾಗಿ ಬಿದ್ದ ತಕ್ಷಣ ಕಲ್ಲು ಭಾರ, ಹಾಡು ನಿಧಾನ. ನಿಮಿಷಕ್ಕೆ 70ರ ಹತ್ತಿರ. ರಾಗಿ ಕರಗುತ್ತಾ ಬಂದ ಹಾಗೆ ಕಲ್ಲು ಹಗುರ, ಹಾಡು 84ರವರೆಗೂ ಹೋಗುತ್ತೆ. ಮತ್ತೊಂದು ಹಿಡಿ ಬಿತ್ತು, ಮತ್ತೆ 70. ನಾನು ಇಡೀ ಹಾಡನ್ನ 80ಕ್ಕೆ ಕಟ್ಟಿ ಹಾಕಿದ್ದೆ. ಅಂದ್ರೆ ರಾಗಿ ಹಾಕೋ ಕೈಯನ್ನ ಹಾಡಿಂದ ತೆಗೆದುಹಾಕಿದ್ದೆ. ನಾನು ತಾಳ ತಪ್ಪಿದೆ ಅಂದ್ಕೊಂಡಿದ್ದೇ ಆ ಹಾಡಿನ ತಾಳ.

ಸ್ವರದ ಕಥೆಯೂ ಅಷ್ಟೇ. ಕೀಬೋರ್ಡಿನ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿದೆ. ತಂಬೂರಿಯ ನಾದದೊಳಗೆ ಕೇಳೋ ಗಾಂಧಾರ ಸುಮಾರು 386ರಲ್ಲಿ. ಅಜ್ಜಿಯ ಗಾಂಧಾರ ಇವೆರಡೂ ಅಲ್ಲ, ಸಾಲಿನ ಕೊನೆಗೆ ಬರ್ತಾ ಸ್ವಲ್ಪ ಇಳಿಯುತ್ತೆ. ಸಾಫ್ಟ್‌ವೇರ್ ಅದನ್ನ ಹತ್ತಿರದ ಮೆಟ್ಟಿಲಿಗೆ ನೂಕಿತು. ಆಟೋ-ಟ್ಯೂನ್ ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಭೂಮಿಯೊಳಗೆ ಎಣ್ಣೆ ಹುಡುಕೋದಕ್ಕೆ ಕಂಪನಗಳ ಲೆಕ್ಕ ಮಾಡ್ತಿದ್ದ ವಿಜ್ಞಾನಿ. ಅದೇ ಲೆಕ್ಕವನ್ನ 1997ರಲ್ಲಿ ದನಿಗೆ ತಂದ. ಅವನ ಜಾಣತನಕ್ಕೆ ಶರಣು. ಆದರೆ ಯಾವ ಮೆಟ್ಟಿಲಿಗೆ ನೂಕಬೇಕು ಅಂತ ಆ ಸಾಫ್ಟ್‌ವೇರಿಗೆ ಹೇಳೋದು ನಾವು. ನಾವು ಹೇಳದೆ ಬಿಟ್ಟರೆ ಹನ್ನೆರಡೇ ಮೆಟ್ಟಿಲು.

ಈಗ ಯಾವುದಾದ್ರೂ ಶನಿವಾರ ಇಂದಿರಾನಗರದ ಪಬ್ಬುಗಳ ಕಡೆ ಕಿವಿ ಕೊಡಿ. ಮಾದಪ್ಪನ ಹಾಡು, ಶರೀಫರ ತತ್ವಪದ, ಸೋಬಾನೆ, ಎಲ್ಲದರ ಕೆಳಗೂ ಅದೇ ಕಿಕ್ ಡ್ರಮ್ಮು, ಎಲ್ಲದರ ನಡುವೆಯೂ ಅದೇ ಡ್ರಾಪು. ನಾಕು ಜಿಲ್ಲೆಯ ನಾಕು ಹಾಡು ಒಂದೇ ಮದುವೆಮನೆಯಿಂದ ಬಂದ ಹಾಗಿವೆ. ಕೇಳಿದ್ರೆ, "ಇಲ್ಲಾಂದ್ರೆ ಸಿಟಿ ಜನ ಕುಣಿಯಲ್ಲ ಗುರು" ಅಂತಾರೆ.

ಇದು ನಿಜಾನಾ? ಹಲಸೂರಿನ ಹೂವಿನ ಪಲ್ಲಕ್ಕಿ ಉತ್ಸವದ ರಾತ್ರಿ ಇದೇ ಗೆಳೆಯರ ಜೊತೆ ನಿಂತಿದ್ದೆ. ತಮಟೆಯವರು ನಿಧಾನಕ್ಕೆ ಶುರು ಮಾಡಿ, ಜನರ ಮುಖ ನೋಡ್ಕೊಂಡು ಏರಿಸಿ, ಉಸಿರು ಸಾಲದೆ ಹೋದಾಗ ಇಳಿಸಿ ಬಾರಿಸ್ತಿದ್ರು. ಅಲ್ಲಿ ಗ್ರಿಡ್ಡೂ ಇರಲಿಲ್ಲ, ಕ್ಲಿಕ್ಕೂ ಇರಲಿಲ್ಲ. ಕ್ರಾಸ್‌ಫಿಟ್‌ಗೆ ಹೋಗೋ ನನ್ನ ಟೀಮ್ ಲೀಡ್ ಶೂ ಬಿಚ್ಚಿ ಕುಣಿದ. ಏರಿಳಿಯೋ ತಾಳಕ್ಕೆ ಸಿಟಿ ಜನ ಕುಣೀತಾರೆ. ಅದನ್ನ ಹಾಗೇ ಉಳಿಸೋ ಶ್ರಮ ನಮಗೆ ಬೇಡ ಅಷ್ಟೇ.

ಕಂಪ್ಯೂಟರಲ್ಲಿ ಮಾಡಿದ್ದೆಲ್ಲ ಹೀಗೇ ಆಗಬೇಕು ಅಂತೇನಿಲ್ಲ. 2018ರ 'ಟಗರು' ಚಿತ್ರದ ಶೀರ್ಷಿಕೆ ಗೀತೆ ಕೇಳಿ. ಚರಣ್ ರಾಜ್ ಸಂಗೀತ, ಆಂಟನಿ ದಾಸನ್ ದನಿ. ಸುತ್ತಲಿನ ವಾದ್ಯ ಎಷ್ಟೇ ಅಬ್ಬರಿಸಲಿ, ನನ್ನ ಕಿವಿಗೆ ಆ ದನಿಯ ಒರಟು ಒರಟಾಗೇ ಕೇಳುತ್ತೆ. ಯಾವುದನ್ನ ಉಜ್ಜಬಾರದು ಅಂತ ಗೊತ್ತಿರೋರ ಕೆಲಸ ಅದು.

ದಾರಿ ಸಾಫ್ಟ್‌ವೇರಿನ ಒಳಗೇ ಇದೆ. ರೀಪರಲ್ಲಿ ಟೆಂಪೋ ಮಾರ್ಕರ್ ಅಂತ ಇರುತ್ತೆ. ಹಾಡಿನ ಒಂದೊಂದು ಬಡಿತಕ್ಕೂ ಅದನ್ನ ಇಡ್ತಾ ಹೋದ್ರೆ, ದನಿ ಇದ್ದಲ್ಲೇ ಇದ್ದು ಗ್ರಿಡ್ ಅದರ ಹಿಂದೆ ಬಾಗುತ್ತೆ. ಡ್ರಮ್ಮು, ಕೀಬೋರ್ಡು ಎಲ್ಲ ಅಜ್ಜಿಯನ್ನ ಹಿಂಬಾಲಿಸ್ತವೆ. ಒಂದು ಪದಕ್ಕೆ ನನಗೆ ಮೂರು ರಾತ್ರಿ ಹಿಡೀತು. ದನಿಯನ್ನ ಗ್ರಿಡ್ಡಿಗೆ ತುರುಕೋಕೆ ನಲವತ್ತು ನಿಮಿಷ ಸಾಕಾಗಿತ್ತು. ನಮ್ಮ ಫೋಕ್ ಫ್ಯೂಷನ್ ಯಾಕೆ ಹೀಗಿದೆ ಅನ್ನೋದಕ್ಕೆ ಉತ್ತರ ಈ ಎರಡು ಲೆಕ್ಕದ ನಡುವೆ ಇದೆ.

ಎರಡು ಪದಗಳನ್ನ ಹೀಗೆ ಮತ್ತೆ ಮಾಡಿದೆ, ಕಲ್ಲಿನ ಸದ್ದಿನ ಸಮೇತ. ರೀಪರ್ ಮೂಲ ಫೈಲಿಗೆ ಕೈ ಹಚ್ಚಲ್ಲ, ಏನು ಕತ್ತರಿಸಿದ್ರೂ ಅದು ಪ್ರಾಜೆಕ್ಟಿನೊಳಗೆ ಮಾತ್ರ. ಆದರೆ ಮೂರನೇ ಪದದ ಕಲ್ಲನ್ನ ನಾನು ಇನ್ನೊಂದು ಸಾಫ್ಟ್‌ವೇರಲ್ಲಿ ತೆಗೆದು, ಅದೇ ಹೆಸರಿನಲ್ಲಿ, ಹಳೇದರ ಮೇಲೆಯೇ ಸೇವ್ ಮಾಡಿದ್ದೆ. ಫೋನಿನಲ್ಲಿದ್ದದ್ದನ್ನ ಜಾಗ ಸಾಲದು ಅಂತ ಅಳಿಸಿದ್ದೆ. ಆಫೀಸಿನಲ್ಲಿ ಬ್ಯಾಕಪ್ ಬಗ್ಗೆ ಹುಡುಗರಿಗೆ ಪಾಠ ಮಾಡೋ ಮನುಷ್ಯ ನಾನು.

ಅಜ್ಜಿ 2021ರಲ್ಲಿ ಹೋದ್ಲು. ಆ ಪದ ಈಗ ಕಲ್ಲಿಲ್ಲದೆ, ನೀರೊಳಗಿಂದ ಹಾಡಿದ ಹಾಗೆ ಉಳಿದಿದೆ. ಕಳೆದ ಸಲ ಊರಿಗೆ ಹೋದಾಗ ಹಿತ್ತಲಿಂದ ಕಲ್ಲು ತಂದು, ರಾಗಿ ಹಾಕಿ, ನಾನೇ ಬೀಸಿ ರೆಕಾರ್ಡ್ ಮಾಡಿದೆ. ಅವಳ ದನಿ ಕೆಳಗೆ ಇಟ್ಟು ನೋಡಿದೆ. ಹಿಂದೆ ಮುಂದೆ ಎಷ್ಟು ಸರಿಸಿದ್ರೂ ಕೂರಲಿಲ್ಲ. ಅವಳು ಎಲ್ಲಿ ಹಿಡಿ ಹಾಕ್ತಿದ್ಲು ಅನ್ನೋದು ನನ್ನ ಕೈಗೆ ಗೊತ್ತಿಲ್ಲ.

ನಿಮ್ಮ ಮನೇಲೂ ಹಾಡೋರು ಇದ್ರೆ ಈ ವಾರವೇ ರೆಕಾರ್ಡ್ ಮಾಡಿ. ಮೂಲ ಫೈಲಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಡಿ. ಆಮೇಲೆ ಬೇಕಾದ್ರೆ ರೀಪರ್ ತೆರೀರಿ. ಯಾವುದು ಗದ್ದಲ ಅಂತ ತೀರ್ಮಾನ ಮಾಡೋ ಮೊದಲು ಮಾತ್ರ, ಹಾಡಿದವರನ್ನ ಒಂದು ಮಾತು ಕೇಳಿ.