ಲೆನ್ಸ್ ಆಮೇಲೆ, ಮೊದಲು ದಿಕ್ಕು

ಇರುಳ ಆಕಾಶದ ಫೋಟೊ ತೆಗೆಯಬೇಕು ಅಂದವರಿಗೆ ಸಿಗುವ ಮೊದಲ ಸಲಹೆ, ದುಬಾರಿ ಲೆನ್ಸ್ ಕೊಳ್ಳಿ ಎಂಬುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹೊಸ ಕಲಿಕೆಯವರು ಇದಕ್ಕೆ ಕಿವಿಗೊಡುವುದು ಬೇಡ. ಈ ಊರುಗಳಿರುವುದು ಹೆಚ್ಚುಕಡಿಮೆ 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಕಾಶಗಂಗೆಯ ನಡುಭಾಗ ಇಲ್ಲಿ ದಕ್ಷಿಣಕ್ಕೆ ಸುಮಾರು 44 ಡಿಗ್ರಿ ಎತ್ತರಕ್ಕೇರುತ್ತದೆ. ಲಂಡನ್ನಿನಲ್ಲಿ 10 ಡಿಗ್ರಿಯೂ ಏರದು. ದಿಗಂತದ ದೂಳು, ಹೊಗೆಯನ್ನು ದಾಟಿ ಮೇಲೆ ನಿಂತ ಬೆಳಕು ನಮ್ಮ ಪಾಲಿನದು. ಅದನ್ನು ಕಳೆದುಕೊಳ್ಳುವುದು ತಪ್ಪು ಜಾಗದಲ್ಲಿ ನಿಂತಾಗ. ಜಮಖಂಡಿಯ ದಕ್ಷಿಣಕ್ಕೆ ಮುಧೋಳವಿದೆ, ಅದರ ದೀಪಗಳ ಮಬ್ಬು ಚೌಕಟ್ಟಿನ ಬುಡಕ್ಕೇ ಬರುತ್ತದೆ. ಊರು ಬೆನ್ನ ಹಿಂದೆ, ಅಂದರೆ ಉತ್ತರಕ್ಕೆ, ಇರುವಂತೆ ನಿಲ್ಲಬೇಕು. ಬೀಳಗಿಯವರಿಗೆ ಉತ್ತರದ ಕೃಷ್ಣೆಯ ದಂಡೆಗಿಂತ ದಕ್ಷಿಣದ ಘಟಪ್ರಭೆಯ ಕಡೆಯೇ ವಾಸಿ. ಇನ್ನು ಕಾಲ. ಕಬ್ಬು ಕಟಾವಿನ ತಿಂಗಳುಗಳಲ್ಲಿ ರವದಿ ಸುಟ್ಟ ಹೊಗೆ ಹೊಲಗಳ ಮೇಲೆಯೇ ತಂಗುತ್ತದೆ. ಹಾಗಾಗಿ ಎಳ್ಳ ಅಮಾವಾಸ್ಯೆಗೆ ನೆತ್ತಿಯ ಹತ್ತಿರದ ಮಹಾವ್ಯಾಧನನ್ನು ಹಿಡಿಯಿರಿ; ಆಕಾಶಗಂಗೆಗೆ ಯುಗಾದಿಯ ಅಮಾವಾಸ್ಯೆ, ಬೆಳಗಿನ ನಾಲ್ಕೂವರೆ.

ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸ್, ಅಲುಗದ ಟ್ರೈಪಾಡ್, ಇಷ್ಟು ಸಾಕು. 18 ಎಂಎಂ, ಎಫ್ 3.5, ಐಎಸ್‌ಒ 3200, 15 ಸೆಕೆಂಡ್. ಅದಕ್ಕಿಂತ ತುಂಬ ಉದ್ದವಾದರೆ ಭೂಮಿ ತಿರುಗುವುದರಿಂದ ಚುಕ್ಕಿ ಗೆರೆಯಾಗುತ್ತದೆ. ಆಟೊಫೋಕಸ್ ಕತ್ತಲಲ್ಲಿ ಕೈಕೊಡುತ್ತದೆ. ಅದನ್ನು ಆಫ್ ಮಾಡಿ, ಹೊಳೆಯುವ ಒಂದು ನಕ್ಷತ್ರವನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ರಿಂಗನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಆಮೇಲೆ ರಿಂಗಿಗೆ ಟೇಪ್ ಅಂಟಿಸಿಬಿಡಿ. ಇಡೀ ಕೌಶಲದಲ್ಲಿ ನಿಜಕ್ಕೂ ಕಷ್ಟದ ಕೆಲಸ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಎಫ್ 1.4 ಲೆನ್ಸ್ ಆರು ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಒಂದೇ ದೃಶ್ಯದ ಏಳೆಂಟು ಚಿತ್ರ ತೆಗೆದು, ಸೀಕ್ವೇಟರ್‌ನಂಥ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸಿದರೆ ಆ ಕೊರತೆ ಬಹುಪಾಲು ತುಂಬುತ್ತದೆ. ಹದಿನಾರು ಕೂಡಿಸಿದರೆ ಕಾಳುಕಾಳಾದ ಗದ್ದಲ (ನಾಯ್ಸ್) ಕಾಲುಭಾಗಕ್ಕಿಳಿಯುತ್ತದೆ. ಇದು ಕಂಪ್ಯೂಟರಿನ ಕಣ್ಕಟ್ಟು ಎನ್ನುವವರಿದ್ದಾರೆ. ಗದ್ದಲ ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತದೆ, ತಂತ್ರಾಂಶ ಸರಿಹೊಂದಿಸಿದ ಮೇಲೆ ನಕ್ಷತ್ರದ ಬೆಳಕು ಬದಲಿಸುವುದಿಲ್ಲ. ಸರಾಸರಿಯಲ್ಲಿ ಉಳಿಯುವುದು ಆಕಾಶದಲ್ಲಿ ಇದ್ದದ್ದೇ. ಉಲ್ಕೆಯ ಮಾತು ಮಾತ್ರ ಬೇರೆ. ಅದು ಒಮ್ಮೆ ಮಿಂಚಿ ಹೋಗುವುದರಿಂದ ಕೂಡಿಸಲು ಎರಡನೆಯ ಚಿತ್ರವೇ ಇರುವುದಿಲ್ಲ. ಡಿಸೆಂಬರಿನ ಜೆಮಿನಿಡ್ ಉಲ್ಕೆಗಳ ಹುಚ್ಚು ಹತ್ತಿದವರು ದೊಡ್ಡ ಲೆನ್ಸಿಗೆ ಹಣ ಕೂಡಿಡಲಿ.