ಉಕ್ಕಿನ ಊರಿಗೆ ಬಂದ ಮೊನೊನೊಕೆ

ಪರದೆಯ ಮೇಲಿನ ಶಾವೊಲಿನ್ ಮಠದಲ್ಲಿ ಶಿಷ್ಯ ಸಾನ್ ತೆ ಎರಡೂ ಕೈಯಲ್ಲಿ ನೀರಿನ ಬಕೆಟ್ ಹಿಡಿದು, ತೋಳು ಚಾಚಿಕೊಂಡು ಮೆಟ್ಟಿಲು ಹತ್ತುತ್ತಾನೆ. ತೋಳು ಸ್ವಲ್ಪ ಇಳಿದರೂ ಸಾಕು, ಅದಕ್ಕೆ ಕಟ್ಟಿದ ಚೂರಿ ಪಕ್ಕೆಗೆ ಚುಚ್ಚುತ್ತದೆ. ಒಂದೇ ರಾತ್ರಿ ಮೂರು ಹೊಡೆದಾಟದ ಚಿತ್ರ ತೋರಿಸಿದ ಭದ್ರಾವತಿಯ ಸಭಾಂಗಣದಲ್ಲಿ ಮುಂದಿನ ಸಾಲಿನ ಕರಾಟೆ ಕ್ಲಾಸಿನ ಮಕ್ಕಳು ತಮಗೇ ಗೊತ್ತಿಲ್ಲದೆ ಮೊಳಕೈ ಎತ್ತಿಕೊಂಡು ಕೂತಿದ್ದರು. 'ಶಾವೊಲಿನ್‌ನ 36ನೇ ಕೋಣೆ' ಹೊಡೆದಾಟಕ್ಕಿಂತ ಅಭ್ಯಾಸದ ಸಿನಿಮಾ. ನಿರ್ದೇಶಕ ಲಾವ್ ಕಾರ್ ಲ್ಯೂಂಗ್ ಸ್ವತಃ ಕುಂಗ್‌ಫು ಬಲ್ಲವನಾದ್ದರಿಂದ ನಟನ ಮೈಯನ್ನು ಅಡಿಯಿಂದ ಮುಡಿಯವರೆಗೆ ತೋರಿಸುತ್ತಾನೆ, ಕತ್ತರಿಸಿ ಮೋಸ ಮಾಡುವುದಿಲ್ಲ. ಮೊಬೈಲಿನಲ್ಲಿ ನೋಡಿದಾಗ ನಾನು ಕೈಗಳನ್ನಷ್ಟೇ ಗಮನಿಸಿದ್ದೆ. ದೊಡ್ಡ ಪರದೆಯಲ್ಲಿ ಪಾದ ಕಂಡಿತು. ಏಟಿನ ಬಲವೆಲ್ಲ ಅಲ್ಲಿಂದಲೇ ಏಳುತ್ತದೆ. ಅಭ್ಯಾಸ ಮುಗಿದ ಮೇಲಿನ ಸೇಡಿನ ಭಾಗ ಮಾತ್ರ ಅವಸರದ್ದು. ಮಕ್ಕಳ ಶಿಳ್ಳೆಗೆ ಅದು ಅಡ್ಡಿಯಾಗಲಿಲ್ಲ, ಬಿಡಿ.

ಎರಡನೆಯದು, ಆ ಚಿತ್ರ ಬಂದ 1978ರಲ್ಲೇ ಗಿರೀಶ ಕಾರ್ನಾಡರು ಮಾಡಿದ 'ಒಂದಾನೊಂದು ಕಾಲದಲ್ಲಿ'. ಜಪಾನಿನ ನಿರ್ದೇಶಕ ಕುರೊಸಾವಾನ ಸಮುರಾಯ್ ಚಿತ್ರಗಳ ಋಣ ಅದರ ಮೇಲಿದೆ. ಆದರೆ ಮಣ್ಣು ನಮ್ಮದು, ಬೈಗುಳ ನಮ್ಮದು. ಶಂಕರ್‌ನಾಗ್ ಎಂದರೆ ಆಟೋ ಹಿಂದಿನ ಚಿತ್ರ ಎಂದಷ್ಟೇ ತಿಳಿದ ಹುಡುಗರಿಗೆ ಅಂದು ಅವರು ಆಡಿದ ಕೂಲಿ ಸೈನಿಕ ಗಂಡುಗಲಿ ಸಿಕ್ಕಿದ. ಸುಂದರಕೃಷ್ಣ ಅರಸರ ಪೆರ್ಮಾಡಿಯ ಎದುರು ಅವನ ಕತ್ತಿ ಹಾರುವುದಿಲ್ಲ; ಅದಕ್ಕೆ ತೂಕವಿದೆ, ಹಿಡಿದವನಿಗೆ ದಣಿವಿದೆ. ಶಿವಮೊಗ್ಗದಿಂದ ಬಂದ ಒಬ್ಬ ಹುಡುಗ 'ಸ್ಲೋ ಆಯ್ತು' ಎಂದ. ನನಗೆ ಆ ನಿಧಾನವೇ ಮೂರೂ ಚಿತ್ರಗಳಲ್ಲಿ ಹೆಚ್ಚು ಸತ್ಯವಾದ ಹೊಡೆದಾಟ ಅನ್ನಿಸಿತು. ಕೂಲಿಗೆ ಕಾದುವವನ ಮೈ ಹಾಗೆಯೇ ಇರುತ್ತದೆ.

ಮೂರನೆಯದು ಹಯಾವೊ ಮಿಯಾಜಾಕಿಯ ಆನಿಮೆ, 1997ರ 'ಪ್ರಿನ್ಸೆಸ್ ಮೊನೊನೊಕೆ'. ಅದನ್ನು ಕೊನೆಗೆ ಇಟ್ಟದ್ದು ದೊಡ್ಡ ತಪ್ಪು. ಅದು ಶುರುವಾಗುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು, ಚಿಕ್ಕ ಮಕ್ಕಳು ಅಪ್ಪಂದಿರ ಹೆಗಲ ಮೇಲೆ ನಿದ್ದೆಹೋಗಿದ್ದರು. ಎಚ್ಚರವಿದ್ದವರಿಗೂ ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಓದುವ ಕಷ್ಟ. ಕನ್ನಡದ ದನಿಯಂತೂ ಆನಿಮೆಗೆ ಸಿಗುವುದು ಅಪರೂಪ. 2025ರಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಆನಿಮೆ ಹಿಂದಿ, ತಮಿಳು, ತೆಲುಗಿಗೆ ಡಬ್ ಆಗಿ ಬಂತು, ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ಇಲ್ಲದಿದ್ದರೂ ದಾರಿಯಿದೆ: ಮೂಕಿಚಿತ್ರಗಳ ಕಾಲದಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಬೆಂಶಿ ಎಂಬ ಮಾತುಗಾರ ಪರದೆಯ ಪಕ್ಕ ನಿಂತು ಕಥೆ ನುಡಿಯುತ್ತಿದ್ದ. ತಾಳಮದ್ದಳೆಯ ಅರ್ಥಧಾರಿಗಳಿರುವ ಈ ಜಿಲ್ಲೆಯಲ್ಲಿ ಅಂಥ ಒಂದು ದನಿ ಹುಟ್ಟಿಸುವುದು ಕಷ್ಟವೆ? ಸಾಗರ, ತೀರ್ಥಹಳ್ಳಿ ಕಡೆಯ ಒಬ್ಬ ಒಳ್ಳೆಯ ಅರ್ಥಧಾರಿ ಈ ಚಿತ್ರದ ಕಾಡಿನ ಹಂದಿದೇವರಿಗೆ ಮಾತು ಕೊಟ್ಟರೆ ಹೇಗಿದ್ದೀತು ಎಂದು ಇಂದಿಗೂ ಯೋಚಿಸುತ್ತೇನೆ.

ಯಾಕೆಂದರೆ ಈ ಸಿನಿಮಾ ಭದ್ರಾವತಿಯದೇ. ಎಬೊಶಿ ಎಂಬ ಒಡತಿ ಕಾಡು ಕಡಿದು ಕಬ್ಬಿಣದ ಊರು ಕಟ್ಟಿದ್ದಾಳೆ. ಕಾಡಿನ ದೇವರುಗಳು ಅವಳ ಮೇಲೆ ತಿರುಗಿಬಿದ್ದಿವೆ. ಇಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡದ್ದೂ ಇದ್ದಿಲಿನಿಂದ. ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನಲ್ಲಿ ಮರ ಇತ್ತು. ಅದಿರು ಕೆಮ್ಮಣ್ಣುಗುಂಡಿಯಿಂದ, ಸೌದೆ ಸುತ್ತಲಿನ ಕಾಡಿನಿಂದ. ಆಮೇಲೆ ಕಾಗದದ ಕಾರ್ಖಾನೆಗಾಗಿ ಅಕೇಶಿಯಾ, ನೀಲಗಿರಿ ಬಂದವು. ಹಾಗೆಂದು ಎಬೊಶಿಯನ್ನು ರಾಕ್ಷಸಿ ಮಾಡಲು ಮಿಯಾಜಾಕಿ ಒಪ್ಪುವುದಿಲ್ಲ. ಸೂಳೆಗೇರಿಯಿಂದ ಬಿಡಿಸಿ ತಂದ ಹೆಂಗಸರಿಗೂ ಯಾರೂ ಮುಟ್ಟದ ಕುಷ್ಠರೋಗಿಗಳಿಗೂ ಅವಳು ಕೆಲಸ ಕೊಟ್ಟಿದ್ದಾಳೆ, ಮರ್ಯಾದೆ ಕೊಟ್ಟಿದ್ದಾಳೆ. ಈ ಊರಿನ ಎಷ್ಟೋ ಮನೆಗಳು ಆ ಕೆಲಸ, ಆ ಮರ್ಯಾದೆಯ ಮೇಲೆಯೇ ನಿಂತಿವೆ.

ಹೆಂಗಸರು ಹಾಡುತ್ತ ತಿದಿ ತುಳಿಯುವ ದೃಶ್ಯ ಬಂತು. ಒಂದು ಪಾಳಿ ನಾಲ್ಕು ಹಗಲು, ಐದು ರಾತ್ರಿ. ನನ್ನ ಪಕ್ಕದಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅಲ್ಲಿಯವರೆಗೆ ತೂಕಡಿಸುತ್ತಿದ್ದವರು ಎದ್ದು ಕೂತು, 'ಬೆಂಕಿ ಬಣ್ಣ ಸರಿಯಾಗಿ ಹಾಕಿದಾನೆ ನೋಡಿ' ಎಂದರು. ಮುಂದೆ ಚಿತ್ರ ಮುಗಿಯುವವರೆಗೂ ಅವರು ಮಾತಾಡಲಿಲ್ಲ, ಕಣ್ಣೂ ತೆಗೆಯಲಿಲ್ಲ.

ಹೊಡೆದಾಟವಾಗಿ ನೋಡಿದರೂ ಇದು ಮೊದಲಿನೆರಡಕ್ಕಿಂತ ಕಡಿಮೆಯಲ್ಲ. ಕಾಡಿನ ತೋಳ ಸಾಕಿದ ಮಗಳು ಸಾನ್ ರಾತ್ರಿ ಮಾಡಿನ ಮೇಲೆ ಓಡಿಬಂದು ಎಬೊಶಿಯ ಮೇಲೆ ಎರಗುವಾಗ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಆದರೆ ಶಿಳ್ಳೆ ಯಾರ ಪರ ಹೊಡೆಯಬೇಕು ಎಂದು ಗೊತ್ತಾಗಲಿಲ್ಲ. ಚಿತ್ರದ ನಾಯಕ ಅಶಿತಾಕ ನಡುವೆ ಬಂದು ಇಬ್ಬರನ್ನೂ ಹಿಡಿದು ನಿಲ್ಲಿಸುತ್ತಾನೆ. ಯಾರೂ ಗೆಲ್ಲದ ಹೊಡೆದಾಟವನ್ನು ಇಷ್ಟು ರೋಮಾಂಚಕವಾಗಿ ಕಟ್ಟಿದ ಇನ್ನೊಂದು ಚಿತ್ರ ನಾನು ನೋಡಿಲ್ಲ.

ಕೊನೆಯಲ್ಲಿ ಕಬ್ಬಿಣದ ಊರು ನಾಶವಾಗಿದೆ. ತೋಳು ಕಳೆದುಕೊಂಡ ಎಬೊಶಿ ಜನರನ್ನು ಕೂರಿಸಿಕೊಂಡು, ಮೊದಲಿಂದ ಶುರು ಮಾಡೋಣ, ಒಳ್ಳೆಯ ಊರು ಮಾಡೋಣ ಎನ್ನುತ್ತಾಳೆ. ಇಲ್ಲಿ ಶತಮಾನ ತುಂಬಿದ 2023ರಲ್ಲೇ ಕಾರ್ಖಾನೆ ಮುಚ್ಚುವ ನಿರ್ಧಾರ ಬಂದಿತ್ತು, ಕಾರ್ಮಿಕರು ಬೀದಿಗಿಳಿದಿದ್ದರು. ಚಿತ್ರ ಮುಗಿದ ಮೇಲೆ ಎಬೊಶಿಯ ಆ ಸಾಲನ್ನು ಹಿರಿಯರಿಗೆ ನಾನೇ ಕನ್ನಡದಲ್ಲಿ ಹೇಳಿದೆ. 'ಇನ್ನೊಂದ್ಸಲ ಹೇಳಿ' ಎಂದರು.