ಓರ್ತಾನ ಹಿತ್ತಿಲು, ನಮ್ಮ ಇತಿಹಾಸದ ರುಚಿ

ಮುಂಬಯಿಯ ಜನಪ್ರಿಯ ಚರಿತ್ರೆಗಳಲ್ಲಿ ಬಹುಪಾಲು ಒಂದು ಮದುವೆಯಿಂದ ಶುರುವಾಗುತ್ತವೆ. 1661ರ ಒಪ್ಪಂದ, ಪೋರ್ಚುಗಲ್ಲಿನ ಕ್ಯಾಥರೀನ್, ಇಂಗ್ಲೆಂಡಿನ ಎರಡನೇ ಚಾರ್ಲ್ಸ್, ವರದಕ್ಷಿಣೆಯಾಗಿ ಬಂದ ದ್ವೀಪ. 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಅದು ಈಸ್ಟ್ ಇಂಡಿಯಾ ಕಂಪನಿಯ ಪಾಲಾದದ್ದು. ಆಮೇಲಿನದೆಲ್ಲ ಏಳಿಗೆಯ ಕಥೆ. ಗುಜರಾತಿನ ಬಹಾದ್ದೂರ್ ಷಾನಿಂದ ವಸಾಯಿಯ ಜೊತೆ ಮುಂಬಯಿಯೂ ಪೋರ್ಚುಗೀಸರಿಗೆ ದಕ್ಕಿದ್ದು 1534ರ ಡಿಸೆಂಬರಿನಲ್ಲಿ. ನಡುವಿನ ಅಷ್ಟೂ ವರ್ಷಗಳಿಗೆ ಸಿಗುವುದು ಒಂದೇ ಸಾಲಿನ ತೀರ್ಪು: ಇಗರ್ಜಿ ಕಟ್ಟಿದರು, ಮತಾಂತರ ಮಾಡಿದರು, ಊರಿಗೇನೂ ಮಾಡಲಿಲ್ಲ.

ಈ ತೀರ್ಪನ್ನು ಎಷ್ಟು ಸಲ ಕೇಳಿದರೂ ಸಹಿಸಿಕೊಳ್ಳುವುದು ಕಷ್ಟ. ಇದರ ಬೇರು ಗೆಜೆಟಿಯರ್ ಪಂಥದಲ್ಲಿದೆ. ಬ್ರಿಟಿಷ್ ಅಧಿಕಾರಿ ಎಸ್.ಎಂ. ಎಡ್ವರ್ಡ್ಸ್ 1902ರಲ್ಲಿ ಬರೆದ ಪುಸ್ತಕದ ಹೆಸರೇ ‘ದಿ ರೈಸ್ ಆಫ್ ಬಾಂಬೆ’. ಆಡಳಿತ ನಡೆಸುವ ಅಧಿಕಾರಿಯ ಕಣ್ಣಿಗೆ ಊರೆಂದರೆ ತನ್ನ ಕಚೇರಿ ಕಟ್ಟಿ ಬೆಳೆಸಿದ್ದು ಮಾತ್ರ. ಅದಕ್ಕೆ ಎರಡೇ ವರ್ಷ ಮೊದಲು, 1900ರಲ್ಲಿ, ಮುಂಬಯಿಯಲ್ಲೇ ವೈದ್ಯರಾಗಿದ್ದ ಗೋವೆಯ ಜೆರ್ಸನ್ ಡ ಕುನ್ಹಾ ಅವರು ಪೋರ್ಚುಗೀಸ್ ದಾಖಲೆಗಳನ್ನು ಅರೆದು ಕುಡಿದು ‘ದಿ ಒರಿಜಿನ್ ಆಫ್ ಬಾಂಬೆ’ ಪ್ರಕಟಿಸಿದ್ದರು. ಆಮೇಲೆ ಬಂದವರು ಡ ಕುನ್ಹಾರಿಂದ ವಿವರ ಎತ್ತಿಕೊಂಡರು, ಎಡ್ವರ್ಡ್ಸ್‌ನಿಂದ ಕಥೆಯ ಓಟ ಎತ್ತಿಕೊಂಡರು. ಆ ಓಟದಲ್ಲಿ ಕಳೆದುಹೋದವನು ಗಾರ್ಸಿಯಾ ದ ಓರ್ತಾ.

ಓರ್ತಾ ಮುಂಬಯಿಗೆ ಸಂಬಂಧಪಟ್ಟ ಅತ್ಯುತ್ತಮ ಯುರೋಪಿಯನ್ ಲೇಖಕ; ಇನ್ನೂ ಮುಂದೆ ಹೋಗಿ, ಸಮುದ್ರ ದಾಟಿ ಹೊರಟ ಹದಿನಾರನೇ ಶತಮಾನದ ಐರೋಪ್ಯರಲ್ಲೇ ಅವನಷ್ಟು ನಂಬಿಕಸ್ಥ ಲೇಖಕ ಇನ್ನೊಬ್ಬನಿಲ್ಲ ಎಂದೂ ಧೈರ್ಯವಾಗಿ ಹೇಳಬಹುದು. ಅವನು ಕ್ರೈಸ್ತರಾಗಲೇಬೇಕಾಗಿ ಬಂದ ಯೆಹೂದಿ ಮನೆತನದವನು. ಸಲಮಾಂಕಾ, ಅಲ್ಕಲಾಗಳಲ್ಲಿ ಓದಿದ ವೈದ್ಯ. 1534ರಲ್ಲಿ ಹಡಗು ಹತ್ತಿದ್ದು ಮಾರ್ಟಿಮ್ ಅಫೊನ್ಸೊ ದ ಸೋಜಾನ ಜೊತೆ. ಈ ಸೋಜಾ ಅದಕ್ಕೆ ಎರಡು ವರ್ಷ ಹಿಂದಷ್ಟೇ ಬ್ರೆಜಿಲ್ಲಿನಲ್ಲಿ ಸಾಂವ್ ವಿಸೆಂತೆ ಎಂಬ ನೆಲೆಯನ್ನು ಸ್ಥಾಪಿಸಿ ಬಂದವನು. ಅಮೆರಿಕದ ಕಥೆ, ಕೊಂಕಣದ ಕಥೆ ಎಂದು ಬೇರೆ ಬೇರೆ ಕಪಾಟಿನಲ್ಲಿಡುವ ನಮ್ಮ ಅಭ್ಯಾಸಕ್ಕೆ ಇದೊಂದೇ ಸಂಗತಿ ಉತ್ತರ. 1500ರಲ್ಲಿ ಕಬ್ರಾಲನ ಹಡಗುಗಳು ಬ್ರೆಜಿಲ್ ತೀರ ಮುಟ್ಟಿದ್ದೂ ಕಲ್ಲಿಕೋಟೆ ತಲುಪಿದ್ದೂ ಒಂದೇ ಯಾನದಲ್ಲಿ.

ಮುಂದೆ ಮುಂಬಯಿ ದ್ವೀಪ ಓರ್ತಾನಿಗೆ ಗೇಣಿಗೆ ಸಿಕ್ಕಿತು. ಇವತ್ತಿನ ಟೌನ್‌ಹಾಲಿನ ಹಿಂದೆ, ನೌಕಾಪಡೆಯ ಆವರಣ ಇರುವ ಕಡೆ ಅವನ ಮನೆಯಿತ್ತು ಎನ್ನುವುದು ರೂಢಿಯ ಮಾತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ‘ಕೊಲೊಕಿಯೊಸ್’ ಔಷಧಿ ಸಸ್ಯಗಳ ಬಗೆಗಿನ ಸಂಭಾಷಣೆಗಳ ಪುಸ್ತಕ. ಯುರೋಪಿನಿಂದ ಬಂದ ರುವಾನೊ ಎಂಬ ಕಲ್ಪಿತ ವೈದ್ಯ ಪುಸ್ತಕದ ಪಾಂಡಿತ್ಯ ಹೇಳುತ್ತಾನೆ; ಓರ್ತಾ ತಾನು ಕಂಡದ್ದನ್ನು ಹೇಳುತ್ತಾನೆ. ಮಾವಿನ ಪ್ರಸಂಗವನ್ನೇ ನೋಡಿ. ಮಾತು ನಡೆಯುವಾಗಲೇ ಆಳು ಬಂದು, ಮುಂಬಯಿಯಲ್ಲಿ ಓರ್ತಾನ ಕೈಕೆಳಗಿನ ಗೇಣಿದಾರ ಸಿಮಾಂವ್ ತೋಸ್ಕಾನೊ ಬಂದಿದ್ದಾನೆ, ಮಾವಿನಹಣ್ಣು ತಂದಿದ್ದಾನೆ ಎನ್ನುತ್ತಾನೆ. ಹಣ್ಣು ಕಣ್ಣೆದುರು ಬಂದ ಮೇಲೆ ಚರ್ಚೆ. ತನ್ನ ದ್ವೀಪದಲ್ಲಿ ವರ್ಷಕ್ಕೆ ಎರಡು ಸಲ ಫಲ ಬಿಡುವ ಮರವಿದೆ ಎಂದು ಓರ್ತಾ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಊರಿಗೇನೂ ಮಾಡಲಿಲ್ಲ ಎನ್ನುವವರು ಈ ಪುಟವನ್ನು ಓದಿಯೇ ಇಲ್ಲ. ಕಂಪನಿಯ ಹಡಗು ಬರುವ ನೂರು ವರ್ಷ ಮೊದಲೇ ಇಲ್ಲಿ ತೋಟವಿತ್ತು, ಗೇಣಿಯಿತ್ತು, ತನ್ನ ಮರವನ್ನು ಹೊಗಳಿಕೊಳ್ಳುವ ಯಜಮಾನನಿದ್ದ.

ತಿಗಡೆ ಬೇರಿನ ಚರ್ಚೆಗೆ ಮಲುಪ ಎಂಬ ಇಲ್ಲಿಯ ವೈದ್ಯ ಬಂದು ಕೂರುತ್ತಾನೆ. ಗಿಡ ತಂದುಕೊಡುವವಳು ಆಂಟೋನಿಯಾ. ಗ್ರೀಕರು, ಅರಬರು ಬರೆದಿಟ್ಟದ್ದು ಇವರು ತೋರಿಸಿದ್ದಕ್ಕೆ ಹೊಂದದಿದ್ದರೆ ಓರ್ತಾ ಹಳಬರನ್ನು ಬಿಟ್ಟು ಇವರ ಮಾತು ಹಿಡಿಯುತ್ತಾನೆ. ಗ್ರೀಕ್ ವೈದ್ಯ ಗೇಲನ್ನನ ಹೆಸರು ಹೇಳಿ ತನ್ನನ್ನು ಹೆದರಿಸಬೇಡಿ ಎನ್ನುವ ಎದೆಗಾರಿಕೆ ಅವನಿಗಿತ್ತು. ಕಾಲರಾ ಬೇನೆಯ ಲಕ್ಷಣಗಳನ್ನು ಯುರೋಪಿನವರಲ್ಲಿ ಮೊದಮೊದಲು ದಾಖಲಿಸಿದವರಲ್ಲಿ ಅವನೊಬ್ಬ.

ಈಗ ಅಟ್ಲಾಂಟಿಕಿನ ಆಚೆ ನೋಡಿ. ಕೊಲಂಬಸ್ 1494ರಲ್ಲಿ ಕ್ಯೂಬಾ ದ್ವೀಪವಲ್ಲ, ಏಷ್ಯಾದ ಭೂಭಾಗವೇ ಎಂದು ನೋಟರಿಯ ಎದುರು ತನ್ನ ನಾವಿಕರಿಂದ ಪ್ರಮಾಣ ಮಾಡಿಸಿದ; ಮಾತು ತಪ್ಪಿದರೆ ದಂಡ, ನಾಲಗೆ ಕತ್ತರಿಸುವ ಶಿಕ್ಷೆ. ಅಮೆರಿಕದ ಔಷಧಿಗಳ ಬಗ್ಗೆ ಯುರೋಪಿಗೆಲ್ಲ ಪಾಠ ಹೇಳಿದ ನಿಕೊಲಾಸ್ ಮೊನಾರ್ಡೆಸ್ ಸೆವಿಲ್ಲೆಯಲ್ಲೇ ಕೂತು ಬರೆದವನು, ಆ ಖಂಡಕ್ಕೆ ಕಾಲಿಟ್ಟವನಲ್ಲ. ಮೆಕ್ಸಿಕೊದ ಪಾದ್ರಿ ಬೆರ್ನಾರ್ದಿನೊ ದ ಸಹಗೂನ್ ಮಾತ್ರ ಹೋಲಿಕೆಗೆ ನಿಲ್ಲಬಲ್ಲ. ನಹುವಾ ಹಿರಿಯರನ್ನು ಕೇಳಿ ಕೇಳಿ 12 ಸಂಪುಟ ಬರೆಸಿದವನು ಅವನು. ಆದರೆ ಸಹಗೂನ್ ವಿಚಾರಿಸಿದ್ದು ಅವರ ದೇವರುಗಳನ್ನು ಗುರುತಿಸಿ ಬೇರುಸಹಿತ ಕೀಳುವುದಕ್ಕೆ. ಓರ್ತಾ ವಿಚಾರಿಸಿದ್ದು ರೋಗ ಗುಣವಾಗಲಿ ಎಂದು. ಬರಹದ ಬೆಲೆ ಕಟ್ಟುವಾಗ ಈ ಉದ್ದೇಶವನ್ನು ತಕ್ಕಡಿಗೆ ಹಾಕದೆ ಬಿಡುವುದು ಸಾಧ್ಯವಿಲ್ಲ.

ಓರ್ತಾ ಜಮೀನುದಾರ, ಆಂಟೋನಿಯಾ ಅವನ ಮನೆಯ ದಾಸಿ ಎಂಬ ಆಕ್ಷೇಪ ಬಂದೇ ಬರುತ್ತದೆ. ನಿಜ, ಅದನ್ನು ಮುಚ್ಚಿಡುವಂತಿಲ್ಲ. ಆದರೂ ದಾಸಿಯ ಕೈಯಿಂದ ತನಗೆ ಗಿಡ ಬಂತೆಂದು ಹೆಸರು ಹಿಡಿದು ಬರೆದ ಪಂಡಿತರು ಆ ಕಾಲದಲ್ಲಿ ಎಷ್ಟು ಜನ? ಅವನಿಗೆ ಸಿಕ್ಕ ಪ್ರತಿಫಲವನ್ನೂ ನೆನೆಯಬೇಕು. 1568ರಲ್ಲಿ ಅವನು ತೀರಿಕೊಂಡ. ಮರುವರ್ಷ ಗೋವೆಯ ಇನ್‌ಕ್ವಿಸಿಷನ್ ಅವನ ತಂಗಿ ಕತಾರಿನಾಳನ್ನು ಜೀವಂತ ಸುಟ್ಟಿತು. 1580ರಲ್ಲಿ ಅವನ ಗೋರಿ ಅಗೆದು ಎಲುಬುಗಳನ್ನೂ ಸುಟ್ಟಿತು. ಪೋರ್ಚುಗೀಸರನ್ನೆಲ್ಲ ಒಂದೇ ಕಂಬಕ್ಕೆ ಕಟ್ಟುವವರು, ಆ ಆಳ್ವಿಕೆಗೇ ಬಲಿಯಾದ ಲೇಖಕನನ್ನೂ ಅದೇ ಕಂಬಕ್ಕೆ ಕಟ್ಟುತ್ತಿದ್ದಾರೆ.

ಕನ್ನಡದವರಾದರೂ ಮೇಲೇ? ಮಾಟುಂಗಾ, ಮಾಹಿಮ್‌ಗಳಲ್ಲಿ ದಶಕಗಳಿಂದ ಕನ್ನಡ ಸಂಸ್ಥೆ ಕಟ್ಟಿ ಉಪನ್ಯಾಸ ಏರ್ಪಡಿಸಿಕೊಂಡು ಬಂದ ಸಮಾಜ ನಮ್ಮದು. ನಮ್ಮ ವೇದಿಕೆಗಳಿಗೆ ಪೋರ್ಚುಗೀಸರು ಬರುವುದು ಎರಡೇ ವೇಷದಲ್ಲಿ. ಉಳ್ಳಾಲದ ಅಬ್ಬಕ್ಕನ ಎದುರು ಖಳರಾಗಿ; ಇಲ್ಲವೇ ವಿಜಯನಗರವನ್ನು ಹೊಗಳುವ ಪಾಯಸ್, ನೂನಿಜ್ ಆಗಿ. 1510ರಲ್ಲಿ ಗೋವೆ ಹಿಡಿಯಲು ಅಲ್ಬುಕರ್ಕನಿಗೆ ನೆರವಾದವನು ನಮ್ಮ ಹೊನ್ನಾವರದ ತಿಮ್ಮಯ್ಯ ಎಂಬುದು ಈ ಎರಡು ವೇಷಕ್ಕೂ ಹೊಂದುವುದಿಲ್ಲ, ಹಾಗಾಗಿ ಅದರ ಮಾತೇ ಇಲ್ಲ. ಪಾಯಸ್ ಒಳ್ಳೆಯ ಬರಹಗಾರನೇ, ಅವನ ಮಹಾನವಮಿಯ ವರ್ಣನೆ ಸೊಗಸಾಗಿದೆ. ಆದರೆ ನಾವು ಅವನನ್ನು ಓದುವುದು ಪ್ರಮಾಣಪತ್ರಕ್ಕಾಗಿ. 1900ರಲ್ಲಿ ರಾಬರ್ಟ್ ಸಿವೆಲ್ ಆ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದಾಗಿನಿಂದ, ಪರದೇಶಿಯೊಬ್ಬ ನಮ್ಮ ರಾಜನ ವೈಭವ ಕಂಡು ಬೆರಗಾದ ಎನ್ನುವ ಮಾತನ್ನೇ ತಿರುಗಿಸಿ ಮುರುಗಿಸಿ ಉಲ್ಲೇಖಿಸುತ್ತ ಬಂದಿದ್ದೇವೆ. ಬೆರಗಾಗದೆ, ಇದೇನು, ಎಲ್ಲಿ ಬೆಳೆಯುತ್ತದೆ, ಯಾವ ಕಾಯಿಲೆಗೆ ಕೊಡುತ್ತೀರಿ ಎಂದು ಇಲ್ಲಿಯವರನ್ನು ಸರಿಸಮನಾಗಿ ಕೂರಿಸಿ ಕೇಳಿದವನು ನಮ್ಮ ಓದಿನ ಪಟ್ಟಿಯಲ್ಲಿಲ್ಲ. ಹೊಗಳಿಕೆಗೆ ಇಷ್ಟು ಬೇಗ ಕರಗುವ ಅಭಿರುಚಿ ನಮ್ಮ ಇತಿಹಾಸದ ಓದನ್ನು ಸೊರಗಿಸಿದೆ, ವಿಮರ್ಶೆಯನ್ನೂ ಕೆಡಿಸಿದೆ.

ಮುಂಬಯಿಯದು ಇನ್ನೊಂದು ಬಗೆಯ ದೋಷ. ಇಲ್ಲಿ ಕಲ್ಲಿಗೆ ಮಾತ್ರ ಮರ್ಯಾದೆ. 2018ರಲ್ಲಿ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು ಯುನೆಸ್ಕೊ ಪಟ್ಟಿಗೆ ಸೇರಿದಾಗ ನಗರ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆದರೆ ಬೋರಿವಲಿಯ ಮಂಡಪೇಶ್ವರ ಗುಹೆಯ ಮೇಲೆ ಪಾಳುಬಿದ್ದು ನಿಂತ ಇಗರ್ಜಿಯ ಗೋಡೆಗಳನ್ನು ಯಾರು ಹೋಗಿ ನೋಡುತ್ತಾರೆ? ಶಿವನ ಗುಹೆಯನ್ನು ಫ್ರಾನ್ಸಿಸ್ಕನ್ ಪಾದ್ರಿಗಳು ಪ್ರಾರ್ಥನಾಲಯ ಮಾಡಿಕೊಂಡರು, ಈಗ ಅಲ್ಲಿ ಮತ್ತೆ ಪೂಜೆ ನಡೆಯುತ್ತದೆ. ಎಲಿಫೆಂಟಾದ ಗುಹಾದೇಗುಲದಲ್ಲಿದ್ದ ಶಾಸನದ ಕಲ್ಲನ್ನು ಪೋರ್ಚುಗೀಸರೇ ತೆಗೆಸಿ ತಮ್ಮ ದೊರೆಗೆ ಕಳಿಸಿದರು, ಅದನ್ನು ಓದಬಲ್ಲವರು ಸಿಗಲಿಲ್ಲ ಎಂದು ಅವರ ಚರಿತ್ರಕಾರ ದಿಯೋಗೊ ದೊ ಕೌತೊ ಬರೆದಿಟ್ಟಿದ್ದಾನೆ. ಕಲ್ಲು ಇಂದಿಗೂ ಸಿಕ್ಕಿಲ್ಲ. ಆ ದೇಗುಲವನ್ನು ಓರ್ತಾ 1530ರ ದಶಕದಲ್ಲೇ ನೋಡಿದ್ದ. ಒಳಗೆ ದನ ನುಗ್ಗಿ ಅದು ಹಾಳಾಗುತ್ತಿರುವ ಬಗ್ಗೆ ಅವನು ತನ್ನ ಗಿಡಮೂಲಿಕೆಯ ಪುಸ್ತಕದಲ್ಲೇ ಜಾಗ ಮಾಡಿಕೊಂಡು ಬರೆದ. ಇದನ್ನು ಬಿಟ್ಟು ಮದುವೆಯಿಂದ ಶುರುಮಾಡುವ ಚರಿತ್ರೆಕಾರರು ಎಲಿಫೆಂಟಾ ಬಗ್ಗೆ ಬರೆಯುವಾಗ ಮಾತ್ರ ಅವನಿಂದ ಒಂದೆರಡು ವಾಕ್ಯ ಎತ್ತಿಕೊಂಡು, ಅಲ್ಲಿಗೇ ಅವನನ್ನು ಬೀಳ್ಕೊಡುತ್ತಾರೆ.